ಒಂದು ಪ್ರೋಟೀನಿನ ಕೆಲಸ ಏನು ಅಂತ ಪತ್ತೆ ಹಚ್ಚೋದು ಹೇಗೆ?

ಪ್ರಶ್ನೆ: ಜೀವಕೋಶದಲ್ಲಿ ಸಾವಿರಾರು ಬಗೆಯ ಪ್ರೋಟೀನ್‌ಗಳಿರುತ್ತವಂತೆ. ಇಂಥ ಪ್ರೋಟೀನಿಗೆ ಇಂಥದ್ದೇ ಕೆಲಸ ಅಂತ ವಿಜ್ಞಾನಿಗಳಿಗೆ ಹೇಗೆ ಗೊತ್ತಾಗುತ್ತದೆ?

ಉತ್ತರ: ಮೊದಲ ಉಪಾಯ ಸರಳ. ಪ್ರೋಟೀನ್ ತಯಾರಾಗುವುದು ಜೀನ್‌ನಲ್ಲಿರುವ ಮಾಹಿತಿಯಿಂದ. ಆ ಜೀನ್ ಕೆಡಿಸಿ, ಯಾವ ಕೆಲಸ ನಿಂತುಹೋಯಿತು ಅಂತ ನೋಡುತ್ತಾರೆ. ಆದರೆ ಇಷ್ಟೇ ಸಾಲದು. ಡೀಸೆಲ್ ಮುಗಿದರೂ ಬಸ್ಸು ನಿಲ್ಲುತ್ತದೆ, ಟೈರ್ ಪಂಕ್ಚರ್ ಆದರೂ ನಿಲ್ಲುತ್ತದೆ. ಹಾಗಂತ ಬಸ್ಸಿನ ವೇಗ ಟೈರಿನ ಕೈಯಲ್ಲಿದೆ ಅನ್ನೋಕಾಗಲ್ಲ, ಅಲ್ವಾ?

ಈ ತೊಡಕನ್ನು ಬಿಡಿಸಿದ್ದು ಒಂದು ಯೀಸ್ಟ್, ಅಂದರೆ ಒಂದೇ ಕೋಶದ ಪುಟ್ಟ ಜೀವಿ. ಪೂರ್ವ ಆಫ್ರಿಕಾದ ಸಿರಿಧಾನ್ಯದ ಬಿಯರ್‌ನಲ್ಲಿ ಮೊದಲು ಸಿಕ್ಕಿದ್ದು. ಸೂಕ್ಷ್ಮದರ್ಶಕದಲ್ಲಿ ಪುಟ್ಟ ಕಡ್ಡಿಯ ಹಾಗೆ ಕಾಣುತ್ತದೆ. ತುದಿಗಳಲ್ಲಿ ಉದ್ದಕ್ಕೆ ಬೆಳೆದು, ನಡುವೆ ಗೋಡೆ ಕಟ್ಟಿಕೊಂಡು ಎರಡಾಗುತ್ತದೆ. ಇದರ ಸಿಡಿಸಿ2 ಅನ್ನೋ ಜೀನ್ ಪೂರ್ತಿ ತೆಗೆದರೆ ಕೋಶ ವಂಶವನ್ನೇ ಬೆಳೆಸದು, ಪರೀಕ್ಷೆ ಮಾಡಲು ಏನೂ ಉಳಿಯುವುದಿಲ್ಲ. ಅದಕ್ಕೇ ಅರೆಬರೆ ಕೆಟ್ಟ ಜೀನ್ ಇರುವ ತಳಿಗಳನ್ನು ಹುಡುಕಿದರು. 25 ಡಿಗ್ರಿಯಲ್ಲಿ ಎಲ್ಲ ಸರಿ. 36 ಡಿಗ್ರಿಗೆ ಏರಿಸಿದರೆ ಪ್ರೋಟೀನ್ ಕೈಕೊಡುತ್ತದೆ. ಆಗ ಕೋಶ ಸಾಯುವುದಿಲ್ಲ, ಸುಮ್ನೆ ಉದ್ದುದ್ದ ಬೆಳೆಯುತ್ತಲೇ ಹೋಗುತ್ತದೆ, ಎರಡಾಗಿ ಒಡೆಯುವುದೇ ಇಲ್ಲ.

ಇದರಿಂದ ತಿಳಿದದ್ದು ಇಷ್ಟೇ: ಒಡೆಯಲು ಸಿಡಿಸಿ2 ಬೇಕು. ಬೇಕಾದವು ಇನ್ನೂ ಎಷ್ಟೋ ಇವೆ. ನಿಜವಾದ ಸುಳಿವು ಕೊಟ್ಟಿದ್ದು 1970ರ ದಶಕದಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಪಾಲ್ ನರ್ಸ್ ಅನ್ನೋ ವಿಜ್ಞಾನಿ ಗಮನಿಸಿದ ಗಿಡ್ಡ ಕೋಶಗಳು. ಅವು ಪೂರ್ತಿ ಬೆಳೆಯುವ ಮೊದಲೇ ಅವಸರದಿಂದ ಎರಡಾಗುತ್ತಿದ್ದವು. ಅಂಥ ಒಂದು ತಳಿಯಲ್ಲಿ ಬದಲಾಗಿದ್ದುದು ಇದೇ ಸಿಡಿಸಿ2! ಕೆಟ್ಟರೆ ಕೆಲಸ ನಿಲ್ಲುತ್ತದೆ, ಬೇರೆ ರೀತಿ ಬದಲಾದರೆ ಕೆಲಸ ಬೇಗ ಆಗುತ್ತದೆ. ಅಂದರೆ ಯಾವಾಗ ಒಡೆಯಬೇಕು ಅನ್ನೋ ತೀರ್ಮಾನದಲ್ಲೇ ಇದರ ಕೈವಾಡ ಇದೆ. ನನ್ನ ಪ್ರಕಾರ ಇಡೀ ಕಥೆಯಲ್ಲಿ ಜಾಣತನದ ಹೆಜ್ಜೆ ಇದು.

ಮನುಷ್ಯರಲ್ಲೂ ಹೀಗೇನಾ? 1987ರಲ್ಲಿ ಮೆಲಾನಿ ಲೀ ಮತ್ತು ನರ್ಸ್ ಪ್ರಕಟಿಸಿದ ಪ್ರಯೋಗ ನೋಡಿ. ಸಿಡಿಸಿ2 ಕೆಟ್ಟ ಯೀಸ್ಟ್ ಕೋಶಗಳಿಗೆ ಮನುಷ್ಯರ ಬೇರೆ ಬೇರೆ ಜೀನ್‌ಗಳನ್ನು ಸೇರಿಸಿ, ಬಿಸಿಯಲ್ಲೂ ಯಾವುದು ಬದುಕಿ ಬೆಳೆಯುತ್ತದೆ ಅಂತ ಕಾದರು. ಒಂದು ಮಾನವ ಜೀನ್ ಯೀಸ್ಟಿನ ಕೊರತೆಯನ್ನು ತುಂಬಿಬಿಟ್ಟಿತು. ನೂರು ಕೋಟಿಗೂ ಹೆಚ್ಚು ವರ್ಷಗಳ ಹಿಂದೆ ಕವಲೊಡೆದ ಎರಡು ಜೀವಿಗಳಲ್ಲಿ ಅದೇ ಕೆಲಸಕ್ಕೆ ಅದೇ ಪ್ರೋಟೀನ್! ಇದು ಇತರ ಪ್ರೋಟೀನ್‌ಗಳಿಗೆ ಫಾಸ್ಫೇಟ್ ಅಂಟಿಸುವ ಕಿಣ್ವ. ಟಿಮ್ ಹಂಟ್ ಅನ್ನೋ ವಿಜ್ಞಾನಿ ಸೀ ಅರ್ಚಿನ್ ಅನ್ನೋ ಮುಳ್ಳುಮೈಯ ಕಡಲಜೀವಿಯ ಮೊಟ್ಟೆಗಳಲ್ಲಿ ಕಂಡ ಸೈಕ್ಲಿನ್ ಅನ್ನೋ ಜೊತೆಗಾರ ಇಲ್ಲದೆ ಇದು ಕೆಲಸ ಮಾಡುವುದಿಲ್ಲ. ಇನ್ನೊಂದು ಯೀಸ್ಟಿನಲ್ಲಿ ಇಂಥದ್ದೇ ಜೀನ್‌ಗಳನ್ನು ಹುಡುಕಿದ ಲೀಲಂಡ್ ಹಾರ್ಟ್‌ವೆಲ್, ಜೊತೆಗೆ ಹಂಟ್, ನರ್ಸ್, ಈ ಮೂವರಿಗೂ 2001ರಲ್ಲಿ ನೊಬೆಲ್ ಬಂತು.

ಈಗ ಸಲಕರಣೆ ಜಾಸ್ತಿ. ಕ್ರಿಸ್ಪರ್ ಅನ್ನೋ ಡಿಎನ್‌ಎ ಕತ್ತರಿಯಿಂದ ಬೇಕಾದ ಜೀನ್ ಕತ್ತರಿಸಬಹುದು. ಜೆಲ್ಲಿ ಮೀನಿನಿಂದ ಬಂದ ಹಸಿರು ಹೊಳೆಯುವ ಪ್ರೋಟೀನನ್ನು ಬಾಲದ ಹಾಗೆ ಜೋಡಿಸಿದರೆ, ನಮ್ಮ ಪ್ರೋಟೀನ್ ಕೋಶದೊಳಗೆ ಎಲ್ಲಿದೆ ಅಂತ ಕಾಣುತ್ತದೆ. ಆದರೆ ಕ್ರಿಸ್ಪರ್ ಬೇರೆ ಕಡೆಯೂ ಕತ್ತರಿ ಹಾಕಿರಬಹುದು, ಹಸಿರು ಬಾಲವೇ ಪ್ರೋಟೀನಿಗೆ ಅಡ್ಡಿ ಮಾಡಿರಬಹುದು. ಹಾಗಾಗಿ ಒಳ್ಳೆಯ ಲ್ಯಾಬ್‌ಗಳಲ್ಲಿ ತೆಗೆದ ಜೀನನ್ನು ಮರಳಿ ಹಾಕಿ, ಕೋಶ ಮೊದಲಿನಂತಾಯಿತೇ ಅಂತ ಇವತ್ತಿಗೂ ನೋಡುತ್ತಾರೆ. ಆಗದಿದ್ದರೆ ತಪ್ಪು ಬೇರೆಲ್ಲೋ ಇದೆ ಅಂತ ಅನುಮಾನ ಪಡುತ್ತಾರೆ.