ಹಗ್ಗದ ಇನ್ನೊಂದು ತುದಿ

ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಎರಡು ವರ್ಷ ಇದ್ದೆ. ರಾತ್ರಿ 11ಕ್ಕೆ ಕೆಲಸ ಮುಗಿಸಿ ಒಬ್ಬಳೇ ನಡೆದು ಬರುತ್ತಿದ್ದೆ, ನಾಯಿ ಭಯ ಅನ್ನೋದೇ ಮರೆತುಹೋಗಿತ್ತು. ಬಳ್ಳಾರಿಗೆ ವಾಪಸ್ ಬಂದ ಮೊದಲ ವಾರವೇ ನಮ್ಮ ಓಣಿಯ ತಿರುವಿನಲ್ಲಿ ನಾಲ್ಕು ನಾಯಿ ಸ್ಕೂಟಿ ಹಿಂದೆ ಬಿದ್ದವು. ಕಾಲು ಮೇಲೆತ್ತಿಕೊಂಡೇ ಮನೆ ಸೇರಿದೆ. ಮರುದಿನ ಬೆಳಿಗ್ಗೆ ನೋಡಿದರೆ ಅವ್ವ ಅವಕ್ಕೇ ರೊಟ್ಟಿ ಹಾಕುತ್ತಿದ್ದಳು. "ಪಾಪ, ನಮ್ಮ ಓಣಿಯವೇ ಅಲ್ವಾ" ಅಂದಳು.

ಅಲ್ಲಿ ನಾಯಿಗಳೇ ಇಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಬೇಕಾದಷ್ಟಿವೆ. ಆದರೆ ಪ್ರತಿ ನಾಯಿಯ ಹಗ್ಗದ ಇನ್ನೊಂದು ತುದಿಯಲ್ಲಿ ಒಬ್ಬ ಮನುಷ್ಯ ಇರುತ್ತಾನೆ.

ಇದು ಸುಮ್ನೆ ಬಂದದ್ದಲ್ಲ. ಬ್ರಿಟನ್ 1796ರಲ್ಲೇ ನಾಯಿಗೆ ತೆರಿಗೆ ಹಾಕಿತು. 1860ರಲ್ಲಿ ಲಂಡನ್ನಿನಲ್ಲಿ ದಿಕ್ಕಿಲ್ಲದ ನಾಯಿಗಳಿಗೆ ಒಂದು ಆಶ್ರಯ ಶುರುವಾಯಿತು, ಅದೇ ಮುಂದೆ ಬ್ಯಾಟರ್ಸೀ ಅಂತ ಹೆಸರಾಯಿತು. ರೇಬೀಸ್ ಅಲ್ಲೂ ಜನರನ್ನು ಕೊಂದಿತ್ತು. ರಾಶಿ ಮಾಡುವಾಗ ಎತ್ತಿನ ಬಾಯಿಗೆ ಕಟ್ಟುತ್ತೇವಲ್ಲ, ಹಾಗೆ ನಾಯಿಗೂ ಕುಕ್ಕೆ ಕಟ್ಟಬೇಕು ಅಂತ 1897ರಿಂದ ಬಿಗಿಯಾಗಿ ಆದೇಶ ಮಾಡಿದರು, ಹೊರದೇಶದ ನಾಯಿಗಳನ್ನು ತಿಂಗಳುಗಟ್ಟಲೆ ಬೇರೆ ಇಟ್ಟರು, ಜನ ಬೈದರೂ ಬಿಡಲಿಲ್ಲ. 1902ಕ್ಕೆ ರೋಗ ಹೋಯಿತು. ಮೊದಲ ಮಹಾಯುದ್ಧದ ಕೊನೆಗೆ ಮತ್ತೆ ಬಂದಾಗಲೂ ಇದನ್ನೇ ಮಾಡಿ 1922ರಲ್ಲಿ ಮುಗಿಸಿದರು. ಈಗ ಬೀದಿಯಲ್ಲಿ ನಾಯಿ ಸಿಕ್ಕರೆ ಕೌನ್ಸಿಲ್‌ನವರು, ಅಂದರೆ ಅಲ್ಲಿನ ಪಾಲಿಕೆಯವರು, ಏಳು ದಿನ ಇಟ್ಟುಕೊಂಡು ಮಾಲೀಕರಿಗೆ ಕಾಯುತ್ತಾರೆ. ಯಾರೂ ಬರದಿದ್ದರೆ ಬೇರೆ ಮನೆ ಹುಡುಕುತ್ತಾರೆ, ಕೆಲವನ್ನು ಕೊಲ್ಲುವುದೂ ಉಂಟು. ಆ ಖಾಲಿ ರಸ್ತೆಯ ಹಿಂದೆ ಇದೂ ಇದೆ ಅನ್ನೋದನ್ನು ನಾವು ಮರೆಯಬಾರದು.

ನಮ್ಮ ಕಡೆ ಬ್ರಿಟಿಷರು ಕೊಲ್ಲುವ ದಾರಿಯನ್ನೇ ಹಿಡಿದರು. 1832ರಲ್ಲಿ ಬೊಂಬಾಯಿಯಲ್ಲಿ ಪೊಲೀಸರು ಬೀದಿನಾಯಿಗಳನ್ನು ಕೊಲ್ಲತೊಡಗಿದಾಗ ಪಾರ್ಸಿಗಳು ಬೀದಿಗಿಳಿದು ಗಲಾಟೆ ಮಾಡಿದರು, ಅಂಗಡಿಗಳು ಮುಚ್ಚಿದವು. ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತು. ಮದ್ರಾಸ್ ಪ್ರಾಂತ್ಯಕ್ಕೆ ರೇಬೀಸ್ ಚಿಕಿತ್ಸೆ ಅಂದರೆ ಕೂನೂರಿನ ಪಾಶ್ಚರ್ ಸಂಸ್ಥೆ, ಶುರುವಾದದ್ದು 1907ರಲ್ಲಿ. ಹೊಕ್ಕಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಅಂತ ನಮ್ಮ ಹಿರಿಯರು ಈಗಲೂ ಹೆದರಿಸುತ್ತಾರಲ್ಲ, ಅದು ಆ ಹಳೇ ಲಸಿಕೆಯ ನೆನಪು. ಈಗ ತೋಳಿಗೆ ನಾಲ್ಕೈದು ಸಲ ಅಷ್ಟೇ, ಗಾಯ ಜೋರಾಗಿದ್ದರೆ ಅದರ ಸುತ್ತ ಇನ್ನೊಂದು ಔಷಧ. ದಯವಿಟ್ಟು ಕಚ್ಚಿದ ಜಾಗಕ್ಕೆ ಸುಣ್ಣ, ಖಾರದ ಪುಡಿ ಹಚ್ಚಬೇಡಿ. 15 ನಿಮಿಷ ಸೋಪು ಹಾಕಿ ಹರಿಯುವ ನೀರಲ್ಲಿ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಿ. ಒಮ್ಮೆ ರೋಗದ ಲಕ್ಷಣ ಕಂಡರೆ ಉಳಿಯುವುದಿಲ್ಲ ಅಂತಲೇ ತಿಳಿಯಿರಿ.

2001ರಲ್ಲಿ ನಮ್ಮ ದೇಶದ ಬೀದಿನಾಯಿ ನಿಯಮ ಬದಲಾಯಿತು. ಆರೋಗ್ಯವಾಗಿರುವ ನಾಯಿಯನ್ನು ಕೊಲ್ಲುವಂತಿಲ್ಲ. ಹಿಡಿದು, ಮರಿ ಆಗದಂತೆ ಆಪರೇಷನ್ ಮಾಡಿ, ಲಸಿಕೆ ಹಾಕಿ, ಕಿವಿಗೆ ಗುರುತು ಮಾಡಿ, ಹಿಡಿದ ಜಾಗದಲ್ಲೇ ಬಿಡಬೇಕು. 2023ರ ಹೊಸ ನಿಯಮವೂ ಇದನ್ನೇ ಹೇಳುತ್ತದೆ. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಮೊದಲು ದೆಹಲಿಯ ನಾಯಿಗಳನ್ನೆಲ್ಲ ಶೆಲ್ಟರಿಗೆ ಹಾಕಿ ಅಂದಿತು, 11 ದಿನಕ್ಕೆ ಆ ಆದೇಶವನ್ನು ತಿದ್ದಿ, ಲಸಿಕೆ ಹಾಕಿ ಹಿಡಿದ ಜಾಗಕ್ಕೇ ಬಿಡಿ ಅಂದಿತು. ನವೆಂಬರಿನಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ಹಿಡಿದವನ್ನು ಮಾತ್ರ ಮತ್ತೆ ಅಲ್ಲಿ ಬಿಡಬೇಡಿ ಎಂದಿತು.

ನನಗೆ ಆಪರೇಷನ್ ಮಾಡಿ, ಲಸಿಕೆ ಹಾಕಿ ಬಿಡುವ ಈ ನಿಯಮ ಸರಿ ಅನಿಸುತ್ತದೆ, ಆದರೆ ಅರ್ಧ ಮಾಡಿದರೆ ಮಾಡದಂತೆಯೇ. ನೂರರಲ್ಲಿ 70 ನಾಯಿಗಾದರೂ ಲಸಿಕೆ ಬಿದ್ದರೆ ರೇಬೀಸ್ ಹರಡುವುದು ನಿಲ್ಲುತ್ತದೆ. ಒಂದು ವರ್ಷ ಹಾಕಿ ಬಿಟ್ಟರೆ ಅಷ್ಟರಲ್ಲಿ ಹೊಸ ಮರಿಗಳು ದೊಡ್ಡವಾಗಿರುತ್ತವೆ. ಜೊತೆಗೆ ಊಟ. ಲೀಡ್ಸ್‌ನಲ್ಲಿ ಪ್ರತಿ ಮನೆ ಮುಂದೆ ಮುಚ್ಚಳದ ಕಸದ ಡಬ್ಬಿ. ಇಲ್ಲಿ ಕೋಳಿ ಅಂಗಡಿಯ ಕಸ, ಮಿರ್ಚಿ ಬಂಡಿಯ ಪಕ್ಕದ ಎಂಜಲು, ಮದುವೆ ಮುಗಿದ ಮೇಲೆ ಛತ್ರದ ಹಿಂದೆ ಸುರಿದ ಅನ್ನ. ಊಟ ಸಿಗುವ ಜಾಗದಿಂದ ನಾಲ್ಕು ನಾಯಿ ಒಯ್ದರೆ ಬೇರೆ ನಾಲ್ಕು ಬರುತ್ತವೆ.

ಹೋದ ಭಾನುವಾರ ನಮ್ಮ ಓಣಿಯ ನಾಯಿಗಳನ್ನು ಎಣಿಸಿದೆ. 11 ಇವೆ. ಕಿವಿ ಗುರುತು ಇರೋದು ಒಂದಕ್ಕೆ ಮಾತ್ರ, ಅವ್ವ ಕೆಂಚಿ ಅಂತ ಕರೆಯುವ ಮುದಿ ನಾಯಿಗೆ. ಉಳಿದ ಹತ್ತಕ್ಕೂ ಆಪರೇಷನ್ ಮಾಡಿಸಿ, ಲಸಿಕೆ ಹಾಕಿಸಿ ಅಂತ ಅರ್ಜಿ ಬರೆದಿದ್ದೇನೆ. 22 ಮನೆಯವರು ಸಹಿ ಹಾಕಿದ್ದಾರೆ, ಮೊದಲನೆಯದು ಅವ್ವನದು. ಸೋಮವಾರ ಪಾಲಿಕೆಗೆ ಒಯ್ಯುತ್ತೇನೆ.