ಕಿತ್ತ ಮೇಲೂ ಉಸಿರಾಡುವ ಆಲೂಗಡ್ಡೆ

ಮಣ್ಣಿನಿಂದ ಕಿತ್ತ ಆಲೂಗಡ್ಡೆಗೆ ಇನ್ನೂ ಜೀವವಿರುತ್ತದೆ. ಅದರ ಜೀವಕೋಶಗಳು ಕೂಡಿಟ್ಟ ಪಿಷ್ಟವನ್ನು ಸಕ್ಕರೆಯಾಗಿ ಒಡೆದು, ಆಮ್ಲಜನಕ ಬಳಸಿ ಅದರಿಂದ ಶಕ್ತಿ ಪಡೆಯುತ್ತ, ಇಂಗಾಲದ ಡೈಆಕ್ಸೈಡ್, ನೀರು ಮತ್ತು ಶಾಖವನ್ನು ಹೊರಬಿಡುತ್ತಲೇ ಇರುತ್ತವೆ. ಈ ಉಸಿರಾಟದ ವೇಗ ಎಳೆಯ ಗಡ್ಡೆಯನ್ನು ಕಿತ್ತ ಹೊಸದರಲ್ಲಿ ಹೆಚ್ಚಾಗಿರುತ್ತದೆ. ಸಿಪ್ಪೆ ಬಲಿತು ಗಾಯಗಳು ಮಾಯುತ್ತಿದ್ದಂತೆ ಇಳಿದು, ಸುಪ್ತಾವಸ್ಥೆಯುದ್ದಕ್ಕೂ ಕೆಳಮಟ್ಟದಲ್ಲಿ ಉಳಿದು, ಮೊಳಕೆ ಒಡೆಯುವಾಗ ಮತ್ತೆ ಏರುತ್ತದೆ.

ತಂಪು ಹೆಚ್ಚಿದಂತೆ ಉಸಿರಾಟ ಕುಗ್ಗುತ್ತದೆ ಎಂಬುದು ಸಾಮಾನ್ಯ ನಿಯಮ. 2ರಿಂದ 4 ಡಿಗ್ರಿ ಸೆಲ್ಸಿಯಸ್‌ನ ಶೀತಲಗೃಹದಲ್ಲಿ ಮೊಳಕೆಯೇನೋ ಬರುವುದಿಲ್ಲ. ಆದರೆ ಪಿಷ್ಟ ಒಡೆದು ಬಂದ ಸಕ್ಕರೆ ಪೂರ್ತಿ ಖರ್ಚಾಗದೆ ಗಡ್ಡೆಯಲ್ಲೇ ಶೇಖರವಾಗುತ್ತದೆ. ಅಂಥ ಗಡ್ಡೆಯ ಚಿಪ್ಸ್ ಎಣ್ಣೆಯಲ್ಲಿ ಕಂದಾಗಿ ಕಹಿಯಾಗುವುದರಿಂದ, ಚಿಪ್ಸ್‌ಗೆಂದೇ ಬೆಳೆದ ಗಡ್ಡೆಯನ್ನು 10ರಿಂದ 12 ಡಿಗ್ರಿಯಲ್ಲಿ, ಮೊಳಕೆ ತಡೆಯುವ ಔಷಧ ಕೊಟ್ಟು ಇಡುತ್ತಾರೆ.

ನನಗೆ ಇದಕ್ಕಿಂತಲೂ ಬೆರಗು ಹುಟ್ಟಿಸುವುದು ಕತ್ತರಿಸಿದ ಗಡ್ಡೆಯ ವರ್ತನೆ. ತೆಳುವಾದ ಬಿಲ್ಲೆಗಳಾಗಿ ಕತ್ತರಿಸಿದ ಕೂಡಲೇ ಉಸಿರಾಟ ಹಲವು ಪಟ್ಟು ಏರುತ್ತದೆ; ಆ ಬಿಲ್ಲೆಗಳನ್ನು ತೇವವೂ ಗಾಳಿಯೂ ಸಿಗುವಂತೆ ಒಂದು ದಿನ ಇಟ್ಟರೆ ಇನ್ನಷ್ಟು ಏರುತ್ತದೆ. ಆಗತಾನೇ ಹೆಚ್ಚಿದ ಬಿಲ್ಲೆಯ ಉಸಿರಾಟವನ್ನು ಸಯನೈಡ್ ಬಹುಮಟ್ಟಿಗೆ ನಿಲ್ಲಿಸುತ್ತದೆ, ಆದರೆ ದಿನವಿಡೀ ಇಟ್ಟ ಬಿಲ್ಲೆಯ ಉಸಿರಾಟ ಅದೇ ವಿಷಕ್ಕೆ ಜಗ್ಗುವುದಿಲ್ಲ. ಆ ವೇಳೆಗೆ ಜೀವಕೋಶದೊಳಗೆ ಶಕ್ತಿ ಉತ್ಪಾದಿಸುವ ಮೈಟೊಕಾಂಡ್ರಿಯಗಳಲ್ಲಿ ಪರ್ಯಾಯ ಆಕ್ಸಿಡೇಸ್ ಎಂಬ ಕಿಣ್ವ ಸಜ್ಜಾಗಿ, ಸಯನೈಡ್ ತಡೆದ ಹಾದಿಯನ್ನು ಬಳಸಿಕೊಳ್ಳದೆಯೇ, ಸಕ್ಕರೆ ಒಡೆದಾಗ ಬಂದ ಎಲೆಕ್ಟ್ರಾನುಗಳನ್ನು ಆಮ್ಲಜನಕಕ್ಕೆ ತಲುಪಿಸುತ್ತದೆ. ಈ ಹಾದಿಯಲ್ಲಿ ಜೀವಕೋಶ ಶಕ್ತಿಗಾಗಿ ಬಳಸುವ ಎಟಿಪಿ ಎಂಬ ಅಣು ಕಡಿಮೆ ಸಿಗುತ್ತದೆ, ಶಾಖವೇ ಹೆಚ್ಚು. ಇದೇ ಅವಧಿಯಲ್ಲಿ ಗಾಯಗೊಂಡ ಅಂಗಾಂಶ ಹೊಸ ಆರ್‌ಎನ್‌ಎ ಮತ್ತು ಪ್ರೋಟೀನುಗಳನ್ನು ತಯಾರಿಸಿ, ಕತ್ತರಿಸಿದ ಮೈಮೇಲೆ ಸೂಬೆರಿನ್ ಎಂಬ ನೀರುನಿರೋಧಕ ಪದರ ಕಟ್ಟತೊಡಗುತ್ತದೆ. ದುರಸ್ತಿಗೆ ಇಂಧನ ಬೇಕು, ಆ ಇಂಧನ ಉರಿಯಲು ಗಾಳಿ ಬೇಕು.

ಹಾಸನದ ರೈತರು ಪಂಜಾಬಿನ ಜಲಂಧರ್ ಕಡೆಯಿಂದ ಬರುವ ಬಿತ್ತನೆ ಗಡ್ಡೆಯನ್ನು ಮುಂಗಾರಿನಲ್ಲಿ ಕತ್ತರಿಸಿ ನೆಡುವಾಗ ಈ ಅಂಶ ನೇರವಾಗಿ ಅನ್ವಯಿಸುತ್ತದೆ. ಕತ್ತರಿಸಿದ ಹೋಳುಗಳನ್ನು ಒದ್ದೆ ಚೀಲದಲ್ಲಿ ಒತ್ತಿ ತುಂಬಿದರೆ ಅವುಗಳ ತೀವ್ರ ಉಸಿರಾಟದ ಶಾಖ ಹೊರಹೋಗದೆ, ಆಮ್ಲಜನಕ ಒಳಬಾರದೆ, ಗಾಯ ಮಾಯುವ ಮೊದಲೇ ಕೊಳೆತ ಹಿಡಿಯುತ್ತದೆ. ನೆರಳಿನಲ್ಲಿ ತೆಳುವಾಗಿ ಹರಡಿ, ಒಂದೆರಡು ದಿನ ಗಾಳಿಯಾಡಲು ಬಿಟ್ಟು, ಕತ್ತರಿಸಿದ ಮೈ ಒಣಗಿ ಗಟ್ಟಿಯಾದ ಮೇಲೆ ಅವನ್ನು ಸಾಲಿಗೆ ಇಡಬೇಕು.