ಬಿಸಿಲು ಚೆನ್ನಾಗಿದ್ದ ದಿನ ಹಕ್ಕಿಗಳೇಕೆ ಕಾಣುವುದಿಲ್ಲ?

ಓದುಗರ ಪ್ರಶ್ನೆ: ಏಪ್ರಿಲ್ ಮೂರನೆಯ ವಾರದಲ್ಲಿ ವಲಸೆ ಹಕ್ಕಿಗಳನ್ನು ನೋಡಲೆಂದು ಇಂಗ್ಲೆಂಡಿನ ದಕ್ಷಿಣ ತೀರದ ಪೋರ್ಟ್‌ಲೆಂಡ್ ಬಿಲ್‌ಗೆ ಹೋಗಿದ್ದೆವು. ಆಕಾಶ ತಿಳಿಯಾಗಿತ್ತು, ಬಿಸಿಲು ಹಿತವಾಗಿತ್ತು, ಆದರೂ ಪೊದೆಗಳೆಲ್ಲ ಬರಿದಾಗಿದ್ದವು. ಈ ವರ್ಷದ ವಲಸೆ ಮುಗಿದುಹೋಯಿತೇ?

ಮುಗಿದಿಲ್ಲ. ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗರು ಪ್ರತಿ ವಸಂತದಲ್ಲಿಯೂ ಇದನ್ನೇ ಕೇಳುತ್ತಾರೆ, ನಾನೂ ಪ್ರತಿ ಸಲ ಇದೇ ಉತ್ತರವನ್ನು ಬರೆಯುತ್ತೇನೆ. ಹವೆ ಚೆನ್ನಾಗಿದ್ದರೆ ಹಕ್ಕಿಗಳು ಹೆಚ್ಚು ಕಾಣಬೇಕೆಂಬ ನಂಬಿಕೆಯನ್ನು ದಯವಿಟ್ಟು ಬಿಟ್ಟುಬಿಡಿ.

ಡಾರ್ಸೆಟ್ ಕರಾವಳಿಯಿಂದ ಇಂಗ್ಲಿಷ್ ಕಡಲ್ಗಾಲುವೆಯೊಳಕ್ಕೆ ಚಾಚಿಕೊಂಡಿರುವ ಈ ಸುಣ್ಣಕಲ್ಲಿನ ಭೂಶಿರದಲ್ಲಿ, ಹಳೆಯ ದೀಪಸ್ತಂಭವೊಂದರಲ್ಲಿ, 1961ರಿಂದ ಪಕ್ಷಿ ವೀಕ್ಷಣಾಲಯ ನಡೆಯುತ್ತಿದೆ. ಸಹಾರಾದ ದಕ್ಷಿಣದಲ್ಲಿ ಚಳಿಗಾಲ ಕಳೆದು ಬರುವ, ಹತ್ತು ಗ್ರಾಮಿನ ಆಸುಪಾಸು ತೂಗುವ ವಿಲ್ಲೋ ವಾರ್ಬ್ಲರ್ ಎಂಬ ಪುಟ್ಟ ಹಕ್ಕಿ ಕಡಲನ್ನು ದಾಟುವುದು ಸಾಮಾನ್ಯವಾಗಿ ರಾತ್ರಿಯಲ್ಲಿ. ಫ್ರಾನ್ಸಿನ ತೀರದಿಂದ ಹೊರಟಾಗ ಆಕಾಶ ಶುಭ್ರವಾಗಿದ್ದು ಗಾಳಿ ಬೆನ್ನಿಗಿದ್ದರೆ, ಪೊದೆಗಳೇ ವಿರಳವಾದ ಈ ಕಲ್ಲುನೆಲದಲ್ಲಿ ಇಳಿಯಬೇಕಾದ ಅಗತ್ಯ ಅದಕ್ಕಿಲ್ಲ. ನಮ್ಮ ತಲೆಯ ಮೇಲೆಯೇ ಸಾಗಿ ಒಳನಾಡನ್ನು ಸೇರಿಬಿಡುತ್ತದೆ. ತಿಳಿಯಾದ ಆಕಾಶದಲ್ಲಿ ಹೊರಟ ಹಕ್ಕಿಗೆ ನಡುದಾರಿಯಲ್ಲಿ ಮೋಡವೋ ಮಳೆಯೋ ಎದುರುಗಾಳಿಯೋ ಅಡ್ಡಬಂದಾಗ ಮಾತ್ರ ಅದು ದಣಿದು, ಮೊದಲು ಸಿಕ್ಕ ನೆಲಕ್ಕೆ ಇಳಿಯುತ್ತದೆ. ನಿನ್ನೆ ಖಾಲಿಯಿದ್ದ ಬೇಲಿ ಬೆಳಗಾಗುವಷ್ಟರಲ್ಲಿ ಹಕ್ಕಿಗಳಿಂದ ತುಂಬಿಹೋಗುವುದು ಅಂತಹ ರಾತ್ರಿಯ ಮರುದಿನವೇ. ಫ್ರಾನ್ಸಿನಲ್ಲಿಯೇ ಹವೆ ಕೆಟ್ಟಿದ್ದರೆ ಅವು ಹೊರಡುವುದೇ ಇಲ್ಲ. ಆಗಲೂ ಪೊದೆ ಖಾಲಿ. ಆದುದರಿಂದ ಖಾಲಿ ಪೊದೆಯೊಂದನ್ನೇ ನೋಡಿ ವಲಸೆಯನ್ನು ಅಳೆಯಲಾಗದು. ಇದು ಊಹೆಯ ಮಾತಲ್ಲ. 1950ರ ದಶಕದಲ್ಲಿ ಪಕ್ಷಿವಿಜ್ಞಾನಿ ಡೇವಿಡ್ ಲ್ಯಾಕ್ ಅವರು ಇಂಗ್ಲೆಂಡಿನ ಪೂರ್ವ ತೀರದಲ್ಲಿ ರಡಾರ್ ಬಳಸಿ, ನೆಲದ ಮೇಲಿನ ವೀಕ್ಷಕರ ಕಣ್ಣಿಗೆ ಬೀಳದೆ ಎತ್ತರದಲ್ಲಿ ಸಾಗುವ ವಲಸೆ ಎಷ್ಟು ದೊಡ್ಡದೆಂಬುದನ್ನು ತೋರಿಸಿಕೊಟ್ಟರು.

ಹಗಲಿನಲ್ಲಿ ವಲಸೆ ಹಾರುವ ಸ್ವಾಲೋ ಹಕ್ಕಿಗಳ ವಿಷಯ ಬೇರೆ. ಅವು ಬಿಸಿಲಿನಲ್ಲಿಯೂ ಕಾಣಸಿಗುತ್ತವೆ.

ಇದರ ಜೊತೆಗೆ ನೀವು ಕೇಳಬೇಕಾಗಿದ್ದ ಇನ್ನೊಂದು ಪ್ರಶ್ನೆಯಿದೆ: ಮೊದಲು ಬರುವವರು ಯಾರು? ಗಂಡುಗಳು. ಮಾರ್ಚ್‌ನಲ್ಲಿ ಕಲ್ಲುಗೋಡೆಗಳ ಮೇಲೆ ಕೂರುವ ಮೊದಮೊದಲ ವೀಟಿಯರ್ ಹಕ್ಕಿಗಳಲ್ಲಿ ಬೂದು ಬೆನ್ನಿನ, ಕಣ್ಣಿಗೆ ಕಪ್ಪು ಪಟ್ಟಿಯಿರುವ ಗಂಡುಗಳೇ ಹೆಚ್ಚು. ಹುಳುಗಳು ವಿರಳವಾಗಿರುವ ಆ ಚಳಿಯಲ್ಲಿ ಹಸಿವಿನ ಅಪಾಯವಿದ್ದರೂ, ಒಳ್ಳೆಯ ನೆಲೆಯನ್ನು ಮೊದಲೇ ಹಿಡಿದುಕೊಳ್ಳುವ ಲಾಭ ಅವುಗಳಿಗಿದೆ. ವಿಲ್ಲೋ ವಾರ್ಬ್ಲರ್‌ನಲ್ಲಿ ಗಂಡು ಹೆಣ್ಣುಗಳ ಬಣ್ಣ ಒಂದೇ ಆದುದರಿಂದ, ಬಲೆಯಲ್ಲಿ ಸಿಕ್ಕ ಹಕ್ಕಿಯ ಕಾಲಿಗೆ ಗುರುತಿನ ಉಂಗುರ ತೊಡಿಸುವವರು ರೆಕ್ಕೆಯನ್ನು ಅಳೆಯುತ್ತಾರೆ: ಋತುವಿನ ಆರಂಭದಲ್ಲಿ ಉದ್ದ ರೆಕ್ಕೆಯ ಗಂಡುಗಳು ಹೆಚ್ಚು, ದಿನ ಕಳೆದಂತೆ ಗಿಡ್ಡ ರೆಕ್ಕೆಯ ಹೆಣ್ಣುಗಳು ಹೆಚ್ಚು.